ಸುಕ್ಕಿಲ್ಲದ ಹಾಸಿಗೆ

ಹಾಸಿಗೆಯ ಮೇಲೆ ಸುಕ್ಕು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಇದು ರೋಗವಲ್ಲ, ಕಸುಬು. ಅರ್ಧ ಆಯಸ್ಸನ್ನು ಒಂದು ದೊಡ್ಡ ವಸತಿ ಹೋಟೆಲಿನಲ್ಲಿ ಕೋಣೆಗಳ ಉಸ್ತುವಾರಿ ನೋಡಿಕೊಂಡು ಕಳೆದವನು ನಾನು. ಗಿರಾಕಿ ಕೋಣೆಯಿಂದ ಹೊರಗೆ ಕಾಲಿಟ್ಟ ಎಂದರೆ ನಮ್ಮವರು ಬಕೆಟ್ಟು, ಪೊರಕೆ ಹಿಡಿದು ಒಳಗೆ ನುಗ್ಗಬೇಕು. ಅವನು ತಿರುಗಿ ಬರುವಷ್ಟರಲ್ಲಿ ಆ ಕೋಣೆಯಲ್ಲಿ ಈವರೆಗೆ ಯಾರೂ ಮಲಗಿಯೇ ಇಲ್ಲವೇನೋ ಎಂದು ಅವನಿಗೇ ಅನುಮಾನ ಬರಬೇಕು. ಅದು ನಮ್ಮ ಹೆಮ್ಮೆ.

ಆ ಹೋಟೆಲು ಮುಚ್ಚಿತು. ಮಾಲೀಕರು ಕಟ್ಟಡ ಕೆಡವಿ ಅಂಗಡಿ ಮಳಿಗೆ ಎಬ್ಬಿಸಿದರು, ನಾನು ತಲೆಗೂದಲು ಬೆಳ್ಳಗಾಗುವ ಹೊತ್ತಿಗೆ ಮನೆಯಲ್ಲಿ ಕೂತೆ. ಹಿರಿಯರ ಆರೈಕೆ ಮನೆಗಳನ್ನು ನಡೆಸುವವರಿಗೆಂದೇ ಒಂದು ಕೋರ್ಸು ಇದೆ ಎಂಬ ಸುದ್ದಿ ತಂದವಳು ನನ್ನ ಹೆಂಡತಿ.

"ಹಾಸಿಗೆ, ಊಟ, ಕೆಲಸದವರ ಜಗಳ, ಬಿಸಿನೀರು ಬರ್ತಿಲ್ಲ ಅನ್ನೋ ದೂರು. ಇಷ್ಟು ವರ್ಷ ನೀವು ಮಾಡಿದ್ದು ಇದೇ ತಾನೇ? ಸೇರ್ಕೊಳ್ರೀ" ಎಂದಳು.

"ಹೌದಲ್ಲ, ಗಿರಾಕಿಗಳು ಸ್ವಲ್ಪ ಹೆಚ್ಚು ದಿನ ಉಳೀತಾರೆ, ಅಷ್ಟೇ" ಎಂದೆ ನಾನು. ಎಂಥ ಜಾಣ ಮಾತು ಆಡಿದೆ ಎಂದು ಆಗ ನನಗೇ ಖುಷಿಯಾಗಿತ್ತು.

ಸಂಜೆ ತರಗತಿ, ಬೆಳಗ್ಗೆ ಓದು. ಬಿದ್ದವರನ್ನು ಎತ್ತುವ ಕ್ರಮ, ಹಾಸಿಗೆ ಹುಣ್ಣು ಆಗದಂತೆ ಮಗ್ಗುಲು ಬದಲಿಸುವುದು, ಬೆಂಕಿ ಬಿದ್ದರೆ ಗಾಲಿಕುರ್ಚಿಗಳನ್ನು ಯಾವ ಬಾಗಿಲಿಂದ ಹೊರಗೆ ಸಾಗಿಸುವುದು, ಎಷ್ಟು ಜನಕ್ಕೆ ಎಷ್ಟು ಆಯಾಗಳು, ಔಷಧಿ ಬೀರುವಿನ ಬೀಗ ಯಾರ ಕೈಯಲ್ಲಿರಬೇಕು... ತಲೆ ಗಿರ್ರೆನ್ನುತ್ತಿತ್ತು. ನನ್ನಿಂದ ಪಾಠ ಒಪ್ಪಿಸಿಕೊಳ್ಳುತ್ತಿದ್ದವರು ನಮ್ಮ ಜೊತೆಯಲ್ಲೇ ಇರುವ ಹೆಂಡತಿಯ ತಾಯಿ, ನನ್ನ ಅತ್ತೆ. ಕನ್ನಡಕ ಏರಿಸಿ ಪುಸ್ತಕ ಹಿಡಿದು ಕೂತರೆಂದರೆ ಪೊಲೀಸರಿಗಿಂತ ಜೋರು.

"ಮುದುಕಿ ಜಾರಿ ಬಿದ್ಲು. ಮೊದ್ಲು ಏನು ಮಾಡ್ತೀರಿ?"

"ಎತ್ತೋಕೆ ಹೋಗಬಾರದು."

"ಆಹಾ! ಮತ್ತೆ ಅಲ್ಲೇ ಬಿದ್ದಿರಲಿ ಅಂತ ಚಾದರ ಹೊದೆಸಿ ಹೋಗ್ತೀರೋ?"

"ಮೊದ್ಲು ಮಾತಾಡಿಸಿ, ಎಲ್ಲಿ ಪೆಟ್ಟಾಗಿದೆ ನೋಡಿ, ದಾದಿಯನ್ನ ಕರೀಬೇಕು ಅತ್ತೆ."

"ಹಾಂ, ಅದನ್ನ ಮೊದ್ಲು ಹೇಳಿ. ಮುದುಕಿ ಜೀವ ಹೋಗೋಷ್ಟು ಹೊತ್ತು ಯೋಚನೆ ಮಾಡ್ಬೇಡಿ."

ಬರೆಯುವ ಪರೀಕ್ಷೆಯನ್ನು ಅವರ ದಯೆಯಿಂದ ದಾಟಿದೆ. ಉಳಿದಿದ್ದು ತರಬೇತಿ: ನಡೆಯುತ್ತಿರುವ ಒಂದು ಆರೈಕೆ ಮನೆಯಲ್ಲಿ ಇದ್ದು ಕೆಲಸ ಕಲಿಯಬೇಕು. ಕೊನೆಗೆ ಆ ಮನೆಯ ಮುಖ್ಯಸ್ಥರು, 'ಇವರ ಕೈಗೆ ಒಂದು ಮನೆಯನ್ನು ಒಪ್ಪಿಸಬಹುದು' ಎಂದು ಬರೆದು ಸಹಿ ಹಾಕಬೇಕು. ಆ ಸಹಿ ಇಲ್ಲದೆ ಪರವಾನಗಿ ಇಲ್ಲ, ಪರವಾನಗಿ ಇಲ್ಲದೆ ಕೆಲಸ ಇಲ್ಲ.

ನನಗೆ ಸಿಕ್ಕ ಮನೆಯ ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡ ಮೇಡಂ ಎನ್ನುತ್ತಿದ್ದರು. ಕುಳ್ಳಗಿನ ಹೆಂಗಸು, ಸದ್ದಿಲ್ಲದ ಚಪ್ಪಲಿ, ಕಿವಿಗೆ ಸಿಕ್ಕಿಸಿದ ಪೆನ್ನು. ಉದ್ದನೆಯ ಓಣಿಯ ಎರಡೂ ಬದಿಗೆ ಕೋಣೆಗಳು, ಗೋಡೆಗುಂಟ ಹಿಡಿದು ನಡೆಯಲು ಮರದ ಕಟಕಟೆ, ತುದಿಯಲ್ಲಿ ಊಟದ ಹಜಾರ. ಒಂದೆರಡು ವಾರದಲ್ಲೇ ನಾನು ಅಲ್ಲಿ ಬೇರು ಬಿಟ್ಟೆ. ಬಿಸಿನೀರಿನ ಹೊತ್ತು ಸರಿಮಾಡಿದೆ. ಅಡುಗೆಯವನಿಗೂ ಅಗಸನಿಗೂ ಎಣ್ಣೆ ಸೀಗೆಕಾಯಿ ಸಂಬಂಧ; ಇಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ ಚಹಾ ಕುಡಿಸಿ ರಾಜಿ ಮಾಡಿಸಿದೆ. ಆಯಾಗಳು ನನ್ನನ್ನು 'ಹೋಟೆಲ್ ಸಾರ್' ಎಂದು ಕರೆಯತೊಡಗಿದರು. ಅದರಲ್ಲಿ ಅರ್ಧ ಕೀಟಲೆ ಇತ್ತು, ಇರಲಿ. ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗುವುದೇ ಒಂದು ಸುಖ ಎಂಬುದು ಮನೆಯಲ್ಲಿ ಕೂತು ಕೊಳೆತವನಿಗೆ ಮಾತ್ರ ಗೊತ್ತು.

ಎಲ್ಲ ಹಳ್ಳ ದಾಟಿದವನು ಹೊಸ್ತಿಲಲ್ಲಿ ಎಡವಿದ ಹಾಗೆ, ನಾನು ಏಳನೇ ಕೋಣೆಯಲ್ಲಿ ಎಡವಿದೆ.

ಏಳನೇ ಕೋಣೆ ಟೈಲರಮ್ಮನದು. ಪೇಟೆಯಲ್ಲಿ ಸ್ವಂತ ಹೊಲಿಗೆ ಅಂಗಡಿ ನಡೆಸಿದ್ದವರು, ಗಂಡನೂ ಇಲ್ಲ, ಮಕ್ಕಳೂ ಇಲ್ಲ. ಕಾಲು ಸೋತಿತ್ತು, ಕೈ ಸೋತಿರಲಿಲ್ಲ. ಕೈ ಮೇಲೆತ್ತಲಾಗದವರ ಅಂಗಿಗಳ ಬೆನ್ನು ಸೀಳಿ, ಅಂಚು ಹೊಲಿದು, ಹಿಂದಿನಿಂದ ತೊಡಿಸುವ ಹಾಗೆ ಗುಂಡಿ ಇಟ್ಟುಕೊಡುತ್ತಿದ್ದರು. ಆ ಮನೆಯ ಅರ್ಧ ಜನ ತೊಡುತ್ತಿದ್ದುದು ಅವರ ಹೊಲಿಗೆಯನ್ನೇ.

ಅವತ್ತು ಅವರ ಸ್ನಾನದ ಸರದಿ. ಆಯಾ ಕರೆದುಕೊಂಡು ಹೋಗಿದ್ದಳು, ಕೋಣೆಯ ಬಾಗಿಲು ತೆರೆದಿತ್ತು. ನಾನು ಓಣಿಯಲ್ಲಿ ಹೋಗುತ್ತಾ ಇಣುಕಿದೆ. ಹಾಸಿಗೆ ತುಂಬ ಸೀಮೆಸುಣ್ಣದ ಗೆರೆ ಎಳೆದ ಬಟ್ಟೆ. ದಿಂಬಿನ ಮೇಲೆ ಎರಡು ತೋಳು, ಕುರ್ಚಿಯ ಬೆನ್ನಿಗೆ ಒಂದು ಕಾಲರು. ಪರದೆಗೆ ಚುಚ್ಚಿದ ಪಿನ್ನುಗಳು, ಕಿಟಕಿ ಕಟ್ಟೆಯ ಮೇಲೆ ದಾರದ ಉಂಡೆಗಳು, ನೆಲದ ತುಂಬ ಚಿಂದಿ. ನನ್ನ ಕೈ ಕಡಿಯತೊಡಗಿತು. ಯಾರನ್ನೂ ಕರೆಯದೆ ನಾನೇ ಒಳಗೆ ಹೋದೆ.

ಬಟ್ಟೆಗಳನ್ನೆಲ್ಲ ಮಡಚಿ ಬೀರುವಿಗೆ ತುಂಬಿದೆ. ಪಿನ್ನು ಕಿತ್ತು ಡಬ್ಬಿಗೆ ಹಾಕಿದೆ. ಟೇಪು ಸುತ್ತಿ ಡ್ರಾಯರಿಗೆ ಸೇರಿಸಿದೆ. ಚಿಂದಿ ಗುಡಿಸಿದೆ, ಕಿಟಕಿ ತೆರೆದೆ, ಒಗೆದ ಹಾಸು ತರಿಸಿ ನಾಲ್ಕೂ ಮೂಲೆ ಬಿಗಿಯಾಗಿ ಎಳೆದು ಹಾಸಿದೆ. ಒಂದು ಸುಕ್ಕಿಲ್ಲ. ಆಮೇಲೆ, ಭೇಷ್ ಅನ್ನಿಸಿಕೊಳ್ಳಲು ಬಾಗಿಲ ಬಳಿ ನಿಂತೆ. ನನ್ನ ಮೂರ್ಖತನಕ್ಕೆ ಅಷ್ಟಾದರೂ ಶ್ರದ್ಧೆ ಇತ್ತು.

ಟೈಲರಮ್ಮ ಒದ್ದೆ ಕೂದಲಲ್ಲಿ ವಾಕರ್ ಹಿಡಿದು ನಿಧಾನಕ್ಕೆ ಬಂದರು. ಒಳಗೆ ನೋಡಿದರು. ಬಾಗಿಲ ಮೇಲಿನ ನಂಬರು ನೋಡಿದರು. ಮತ್ತೆ ಒಳಗೆ ನೋಡಿದರು.

"ನನ್ನ ಸರದಿ ಬಂತಾ?" ಎಂದರು.

"ಯಾವ ಸರದಿ ಅಮ್ಮ? ಸ್ನಾನ ಆಯ್ತಲ್ಲ."

"ಪಕ್ಕದ ರೂಮಿನ ರೈಲ್ವೆ ಅಜ್ಜ ಹೋದಾಗ ಹೀಗೇ ಮಾಡಿದ್ರಲ್ಲಪ್ಪ. ಕಿಟಕಿ ಹೀಗೇ ತೆಗೆದಿತ್ತು, ಹಾಸಿಗೆ ಹೀಗೇ ಇತ್ತು. ಇಲ್ಲಿ ಇಷ್ಟು ಚೆನ್ನಾಗಿ ಹಾಸಿಗೆ ಹಾಸೋದು ಹೋದೋರಿಗೆ ಮಾತ್ರ."

ಅವರು ಅಳಲಿಲ್ಲ, ಕೂಗಾಡಲಿಲ್ಲ. ಆಯಾಳ ಕೈಯಲ್ಲಿ ತಮ್ಮ ಕೈಚೀಲ ತರಿಸಿಕೊಂಡು, ಓಣಿಯುದ್ದಕ್ಕೂ ನಡೆದು, ಮುಂಬಾಗಿಲ ಪಕ್ಕದ ಬೆಂಚಿನಲ್ಲಿ ಕೂತರು.

ನಾನು ಹಿಂದೆಯೇ ಓಡಿದೆ. "ಅಮ್ಮ, ಬರೀ ಚೊಕ್ಕ ಮಾಡಿದೆ, ಅಷ್ಟೇ. ಅದು ನಿಮ್ಮದೇ ರೂಮು."

"ನಂದು ಅಂತ ಹೇಳೋಕೆ ಅದ್ರಲ್ಲಿ ಏನಿದೆ ಈಗ?"

"ಎಲ್ಲಿಗೆ ಹೊರಟ್ರಿ ಹಾಗಾದ್ರೆ?"

"ಎಲ್ಲಿಗೂ ಇಲ್ಲ. ಹೋಗೋಕೆ ಜಾಗ ಇದ್ದಿದ್ರೆ ಬೆಂಚಿನ ಮೇಲೆ ಯಾಕೆ ಕೂರ್ತಿದ್ದೆ?"

ಊಟವನ್ನೂ ಅಲ್ಲೇ ಮಾಡಿದರು. ಸಂಜೆ ದಾದಿ ಪುಸಲಾಯಿಸಿ ತನ್ನ ಕೋಣೆಯ ಪಕ್ಕದ ಹೆಚ್ಚುವರಿ ಮಂಚಕ್ಕೆ ಕರೆದೊಯ್ದಳು. ಏಳನೇ ಕೋಣೆಗೆ ಮಾತ್ರ ಟೈಲರಮ್ಮ ಕಾಲಿಡಲಿಲ್ಲ. ದೊಡ್ಡ ಮೇಡಂ ನನ್ನನ್ನು ಕರೆಸಿದರು. ಬೈಯುತ್ತಾರೆ ಅಂದುಕೊಂಡಿದ್ದೆ, ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ನಾನು ಹೋಗಿ ಕರೆದ್ರೆ ಅವರು ಬರ್ತಾರೆ. ಆದ್ರೆ ಕರೆಯಲ್ಲ" ಎಂದರು. "ನೀವು ಕೆಡಿಸಿದ್ದನ್ನ ನೀವೇ ಸರಿಮಾಡಿ. ಅವರಾಗೇ ಮನಸ್ಸು ಮಾಡಿ ಆ ರೂಮಿಗೆ ಹೋಗೋವರೆಗೆ ನಿಮ್ಮ ಕಾಗದಕ್ಕೆ ನಾನು ಸಹಿ ಹಾಕಲ್ಲ. ಇದ್ದ ಮನೆಯಿಂದ ಒಬ್ಬರನ್ನ ಎಬ್ಬಿಸಿದವರ ಕೈಗೆ ಇನ್ನೊಂದು ಮನೆ ಹೇಗೆ ಕೊಡ್ಲಿ?"

ಮನೆಗೆ ಹೋಗಿ ಹೆಂಡತಿಗೂ ಅತ್ತೆಗೂ ಎಲ್ಲ ಹೇಳಿದೆ. ಸಮಾಧಾನ ಮಾಡುತ್ತಾರೆ ಎಂದುಕೊಂಡರೆ, ಇಬ್ಬರೂ ಮುಖ ಮುಖ ನೋಡಿಕೊಂಡು ನಕ್ಕರು. ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು.

"ಏನು ನಗು ಅದು?"

"ಅಮ್ಮನ ಮಂಚ ನೋಡಿ ಒಂದ್ಸಲ" ಎಂದಳು ಹೆಂಡತಿ.

ನೋಡಿದೆ. ಹೋಟೆಲಿನ ಮಂಚದ ಹಾಗೇ ಇತ್ತು. ಹೊದಿಕೆ ಮಡಚಿ ಕಾಲ ಬಳಿ, ದಿಂಬು ನೇರ, ಒಂದು ಗೆರೆಯಿಲ್ಲ. ಇಷ್ಟು ವರ್ಷ ಅದನ್ನು ನೋಡಿ, ಅತ್ತೆ ಎಂಥ ಅಚ್ಚುಕಟ್ಟು ಎಂದು ನಾನು ಬಂದವರ ಮುಂದೆಲ್ಲ ಹೊಗಳಿದ್ದೆ.

"ಅತ್ತೆ, ನೀವು ಮಧ್ಯಾಹ್ನ ಮಲಗಲ್ವಾ?"

"ಮಲಗ್ತೀನಲ್ಲ. ನೀವು ಬರೋ ಹೊತ್ತಿಗೆ ಎದ್ದು ಸರಿಮಾಡ್ತೀನಿ. ನಿಮ್ಮ ಹೋಟೆಲು ಮುಚ್ಚಿದ್ಮೇಲೆ ಸ್ವಲ್ಪ ಕಷ್ಟ ಆಯ್ತು, ಇಡೀ ದಿನ ಮನೇಲಿರ್ತಿದ್ರಿ" ಎಂದರು ಅತ್ತೆ, ಏನೂ ಬೇಸರವಿಲ್ಲದೆ. "ಈ ತರಬೇತಿ ಶುರುವಾದ್ಮೇಲೆ ಒಳ್ಳೇ ನಿದ್ದೆ ಬರ್ತಿದೆ."

ಅವರು ತಮಾಷೆಗೇ ಹೇಳಿದ್ದರು. ನನಗೆ ಮಾತ್ರ ನಾಚಿಕೆಯಾಯಿತು. ಸಹಿ ಸಿಗುತ್ತದೋ ಇಲ್ಲವೋ ಎಂಬ ಚಿಂತೆ ಆ ನಾಚಿಕೆಯ ಮುಂದೆ ಸಣ್ಣದಾಯಿತು. ನನ್ನ ಮನೆಯಲ್ಲೇ ಒಬ್ಬ ಹಿರಿಯರು ಗಿರಾಕಿಯ ಹಾಗೆ ಬದುಕುತ್ತಿದ್ದರು, ನಾನು ಅದಕ್ಕೆ ಅಚ್ಚುಕಟ್ಟು ಎಂದು ಹೆಸರಿಟ್ಟಿದ್ದೆ.

ಮರುದಿನ ಬೀರುವಿನ ತಳದಿಂದ ನನ್ನ ಹಳೆಯ ಹೋಟೆಲ್ ಕೋಟು ತೆಗೆದೆ. ಕಪ್ಪು ಬಟ್ಟೆ, ಹೋಟೆಲಿನ ಗುರುತಿದ್ದ ಹಿತ್ತಾಳೆ ಗುಂಡಿಗಳು. ಗುಂಡಿಗೂ ಕಾಜಕ್ಕೂ ಈಗ ಗೇಣುದ್ದ ಅಂತರ. ಅದನ್ನು ತೊಟ್ಟುಕೊಂಡೇ ಹೋಗಿ ಬೆಂಚಿನ ಮುಂದೆ ನಿಂತೆ. ಟೈಲರಮ್ಮ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಅಮ್ಮ, ನಿನ್ನೆ ನಾನು ಗುಡಿಸಿದ್ದು ನಿಮ್ಮ ಅಂಗಡೀನ. ಯಜಮಾನಿಯನ್ನ ಕೇಳದೆ ಅಂಗಡಿಗೆ ನುಗ್ಗಿದೆ. ತಪ್ಪಾಯ್ತು."

ಅವರ ಕಣ್ಣು ಕೋಟಿನ ಮೇಲೆ ಓಡಾಡುತ್ತಿತ್ತು, ಭುಜದಿಂದ ತೋಳಿಗೆ, ತೋಳಿನಿಂದ ಹೊಟ್ಟೆಗೆ. ಕಸುಬು ಸುಮ್ಮನಿರುವುದಿಲ್ಲ, ನನಗೆ ಗೊತ್ತು.

"ಏನಪ್ಪ ಇದು ವೇಷ?"

"ಕೋಟು ಚಿಕ್ಕದಾಗಿದೆ ಅಮ್ಮ. ಬಿಚ್ಚಿ ದೊಡ್ಡದು ಮಾಡಿಕೊಡ್ತೀರಾ ಅಂತ ಬಂದೆ."

"ಕೋಟು ಇದ್ದಷ್ಟೇ ಇದೆ. ದೊಡ್ಡವನಾಗಿರೋದು ನೀನು, ಅದೂ ಹೊಟ್ಟೆ ಹತ್ರ ಮಾತ್ರ." ಕೈ ಚಾಚಿ ಒಳಗಿನ ಹೊಲಿಗೆಯನ್ನು ಮಗುಚಿ ನೋಡಿದರು. "ಒಳಗೆ ಬಟ್ಟೆ ಬಿಟ್ಟಿದ್ದಾರೆ. ಆಗುತ್ತೆ. ಟೇಪು ಬೇಕು."

"ಮೇಲಿನ ಡ್ರಾಯರಿನಲ್ಲಿ ಸುತ್ತಿಟ್ಟಿದ್ದೀನಿ."

"ಟೇಪು ಯಾರಾದ್ರೂ ಸುತ್ತಿಡ್ತಾರಾ? ಅದು ಕುತ್ತಿಗೇಲಿರೋ ಸಾಮಾನು. ಸೀಮೆಸುಣ್ಣ ಎಲ್ಲಿಟ್ಟೆ?"

ನನಗೆ ನಿಜವಾಗಿಯೂ ನೆನಪಿರಲಿಲ್ಲ. ಹಾಗೆಂದೇ ಹೇಳಿದೆ. ಟೈಲರಮ್ಮ ಹಣೆ ಚಚ್ಚಿಕೊಂಡು, "ನಿನ್ನಂಥೋನ ಕೈಗೆ ಅಂಗಡಿ ಸಿಕ್ಕಿದ್ರೆ ಮೂರೇ ದಿನಕ್ಕೆ ದಿವಾಳಿ" ಎನ್ನುತ್ತಾ ಎದ್ದರು. ನಾನು ಹಿಂದೆ, ಅವರು ಮುಂದೆ. ಏಳನೇ ಕೋಣೆಯ ಹೊಸ್ತಿಲಿಗೆ ಬಂದು ನಿಂತುಬಿಟ್ಟರು.

"ಮೊದ್ಲು ಆ ಹಾಸಿಗೆ ಕೆಡಿಸು" ಎಂದರು.

ಹೇಳುವುದು ಸುಲಭ. ಕೈ ಬರಬೇಕಲ್ಲ! ಜೀವಮಾನದಲ್ಲಿ ನಾನು ಹಾಸಿದ ಹಾಸಿಗೆಯನ್ನು ನಾನೇ ಕೆಡಿಸಿದವನಲ್ಲ. ಕಣ್ಣು ಮುಚ್ಚಿ ಒಂದು ಮೂಲೆ ಕಿತ್ತೆ. ಆಮೇಲೆ ಇನ್ನೊಂದು. ದಿಂಬನ್ನು ಓರೆಗೆ ಎಸೆದೆ. ಬೀರುವಿನಿಂದ ಬಟ್ಟೆಗಳನ್ನೆಲ್ಲ ತೆಗೆದು ಹರಡಿದೆ. "ಅದಲ್ಲ, ತೋಳು ದಿಂಬಿನ ಮೇಲೆ!" ಎಂದು ಅವರು ಬಾಗಿಲಿಂದಲೇ ಗದರಿದರು. "ಕಾಲರು ಕುರ್ಚಿಗೆ. ಉಂಡೆಗಳು ಕಿಟಕಿಗೆ, ಬೆಳಕಿಲ್ಲದೆ ಬಣ್ಣ ಹೇಗೆ ನೋಡ್ಲಿ?" ಗದರುತ್ತಾ ಗದರುತ್ತಾ ಯಾವಾಗ ಒಳಗೆ ಬಂದರೋ ನನಗೂ ತಿಳಿಯಲಿಲ್ಲ, ಅವರಿಗೂ ತಿಳಿಯಲಿಲ್ಲ. ಸುಕ್ಕುಗಟ್ಟಿದ ಹಾಸಿಗೆಯ ಅಂಚಿನಲ್ಲಿ ಕೂತು, ಟೇಪನ್ನು ಕುತ್ತಿಗೆಗೆ ಹಾಕಿಕೊಂಡು, "ಉಸಿರು ಬಿಡು, ಹೊಟ್ಟೆ ಒಳಗೆಳೀಬೇಡ, ಅಳತೆ ಸುಳ್ಳಾಗುತ್ತೆ" ಎಂದರು. ನಾನು ಉಸಿರು ಬಿಟ್ಟೆ.

ಮನೆಯಲ್ಲೂ ಒಂದು ಬದಲಾವಣೆ ಆಯಿತು. ಅತ್ತೆಯ ಮಂಚದ ಹೊದಿಕೆ ಈಗ ಬೆಳಗಿನಿಂದ ಸಂಜೆಯವರೆಗೆ ಉಂಡೆಯಾಗಿಯೇ ಬಿದ್ದಿರುತ್ತದೆ. ನೋಡಿದಾಗ ನನ್ನ ಮೈ ಈಗಲೂ ಉರಿಯುತ್ತದೆ. ಹಲ್ಲು ಕಚ್ಚಿ ಬೇರೆ ಕೋಣೆಗೆ ಹೋಗುತ್ತೇನೆ, ಅತ್ತೆ ಹಿಂದಿನಿಂದ ಕಿಸಕ್ಕನೆ ನಗುತ್ತಾರೆ.

ತರಬೇತಿಯ ಕೊನೆಯ ದಿನ ದೊಡ್ಡ ಮೇಡಂ ಕಾಗದ ಹಿಡಿದುಕೊಂಡು ಬಂದರು. "ಸಹಿ ಏಳನೇ ರೂಮಿನಲ್ಲಿ ಕೂತು ಹಾಕ್ತೀನಿ. ಟೈಲರಮ್ಮನ ಎದುರಿಗೇ ಆಗ್ಲಿ, ನಡೀರಿ" ಎಂದರು.

ಬಾಗಿಲು ಮುಚ್ಚಿತ್ತು. ನಾನು ಎರಡು ಸಲ ತಟ್ಟಿ ಕೈ ಹಿಂದಕ್ಕೆ ಕಟ್ಟಿ ನಿಂತೆ.

"ಯಾರದು?" ಒಳಗಿನಿಂದ ದನಿ.

"ನಾನು ಅಮ್ಮ, ಹೋಟೆಲಿನವನು. ದೊಡ್ಡ ಮೇಡಂ ಕೂಡ ಬಂದಿದ್ದಾರೆ. ಒಳಗೆ ಬರಬಹುದಾ?"

"ಈಗ ಆಗಲ್ಲ! ನೆಲದ ತುಂಬ ಬಟ್ಟೆ ಹರಡಿದೆ, ತುಳಿದುಬಿಡ್ತೀರಿ. ಹೊರಗೇ ನಿಂತಿರಿ."

ನಾನು ಮೇಡಂ ಮುಖ ನೋಡಿದೆ. ಇಡೀ ಮನೆಯ ಬೀಗದ ಕೈ ಗೊಂಚಲು ಅವರ ಸೊಂಟದಲ್ಲೇ ಇತ್ತು. ಅವರು ಬಾಗಿಲು ನೋಡಿದರು, ನನ್ನನ್ನು ನೋಡಿದರು. ಬೀಗದ ಕೈ ಕೇಳಿ ಬಾಗಿಲು ತೆಗೆಯುವ ಲಕ್ಷಣ ನನ್ನಲ್ಲಿ ಕಾಣಲಿಲ್ಲ ಅನ್ನಿಸುತ್ತದೆ.

"ತಿರುಗಿ ನಿಂತ್ಕೊಳ್ಳಿ" ಎಂದರು.

ತಿರುಗಿದೆ. ಕಾಗದವನ್ನು ನನ್ನ ಬೆನ್ನಿನ ಮೇಲಿಟ್ಟು, ಕಿವಿಯಿಂದ ಪೆನ್ನು ತೆಗೆದು ಬರೆಯತೊಡಗಿದರು. 'ಒಂದು ಮನೆಯನ್ನು ಒಪ್ಪಿಸಬಹುದು' ಎಂಬ ಆ ಒಂದು ಸಾಲಿನ ಒಂದೊಂದು ಅಕ್ಷರವೂ ಅಂಗಿಯ ಮೇಲಿಂದ ನನಗೆ ಗೊತ್ತಾಗುತ್ತಿತ್ತು. ಕಚಗುಳಿಯಾದರೂ ನಾನು ಅಲುಗಾಡಲಿಲ್ಲ. ಸಹಿಯ ಕೊನೆಗೆ ಅವರು ಚುಕ್ಕೆ ಇಡುವ ಹೊತ್ತಿಗೆ ನನ್ನ ಕಣ್ಣಲ್ಲಿ ನೀರು ಬಂದಿತ್ತು.

"ಇನ್ನೂ ಅಲ್ಲೇ ಇದ್ದೀರೇನು?" ಎಂದು ಒಳಗಿನಿಂದ ಟೈಲರಮ್ಮ ಕೂಗಿದರು. "ಕೋಟು ಮುಗೀತು. ಆ ಹಿತ್ತಾಳೆ ಗುಂಡಿ ಕಿತ್ತು ಬೇರೆ ಹಾಕಿದ್ದೀನಿ. ಹಳೇವು ನನ್ನ ಹತ್ರಾನೇ ಇರ್ಲಿ, ಬಟ್ಟೆ ಹಾರದ ಹಾಗೆ ಮೇಲೆ ಭಾರ ಇಡೋಕೆ ಆಗುತ್ತೆ. ಬನ್ನಿ ಈಗ, ಚಪ್ಪಲಿ ಹೊರಗೆ ಬಿಟ್ಟು ಬನ್ನಿ."

ದೊಡ್ಡ ಮೇಡಂ ಮೊದಲು ಚಪ್ಪಲಿ ಬಿಟ್ಟರು. ಆಮೇಲೆ ನಾನು ಬಿಟ್ಟೆ.