ನಾಯಕಿಯ ಕಾಲಿಗೆ ಅತ್ತೆಯ ಚಪ್ಪಲಿ

ಹಿಂದಿ ಸಿನಿಮಾದ ನಾಯಕಿ ಮೆಟ್ಟಿಲು ಹತ್ತುವಾಗ ಟಕಟಕ ಅನ್ನುವುದು ಆಕೆಯ ಕಾಲಲ್ಲ. ಚಿತ್ರೀಕರಣವೆಲ್ಲ ಮುಗಿದ ಮೇಲೆ, ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ, ಪರದೆ ನೋಡಿಕೊಂಡು ಮೈಕಿನ ಮುಂದೆ ಯಾರೋ ಹಾಕುವ ಹೆಜ್ಜೆ ಅದು. ಆ ಯಾರೋ ಅನ್ನುವವನೇ ನಮ್ಮ ಈ ಅಳಿಯ. ಕಲ್ಲು, ಮರಳು, ಹಲಗೆ ಹಾಸಿದ ಮೂರು ಚೌಕಗಳ ಮೇಲೆ ದಿನವಿಡೀ ನಡೆದೂ ಎಲ್ಲಿಗೂ ಹೋಗದ ಆಸಾಮಿ.

ಅವನ ಅತ್ತೆಗೆ ಈ ಕೆಲಸವನ್ನು ನಾಲ್ಕು ಜನರ ಮುಂದೆ ಹೇಳಬೇಕೆಂದರೆ ನಾಲಗೆ ಏಳುತ್ತಿರಲಿಲ್ಲ. "ನಿಮ್ಮಳಿಯ ಏನ್ಮಾಡ್ತಾರೆ?" ಎಂದು ಯಾರಾದರೂ ಕೇಳಿದರೆ, "ಸ್ಟುಡಿಯೋದಲ್ಲಿ ಏನೋ ಮಾಡ್ತಾರಪ್ಪ" ಎಂದು ಮಾತು ಹಾರಿಸುತ್ತಿದ್ದರು. ಮದುವೆಯಾದಾಗಿನಿಂದ ಆ 'ಏನೋ' ಅವನನ್ನು ಕುಟುಕುತ್ತಿತ್ತು. ಅತ್ತೆಯ ಬಾಯಲ್ಲಿ ಒಮ್ಮೆ, ಒಂದೇ ಒಮ್ಮೆ, ತನ್ನ ಕೆಲಸದ ಮಾತು ಕೇಳಬೇಕು ಎಂಬುದು ಅವನ ಆಸೆ.

ಈ ವರ್ಷ ಹಿಂದಿ ಚಿತ್ರಗಳ ವಾರ್ಷಿಕ ಪ್ರಶಸ್ತಿಗೆ, ಧ್ವನಿಯ ವಿಭಾಗದಲ್ಲಿ, ಒಂದು ಚಿತ್ರಕ್ಕೆ ಹಾಕಿದ ಹೆಜ್ಜೆಗಳಿಗಾಗಿ ಅವನ ಹೆಸರೂ ಸ್ಪರ್ಧೆಗೆ ಬಂತು. ಸಮಾರಂಭಕ್ಕೆ ಜೊತೆಗೊಬ್ಬರು ಹೋಗಬಹುದಿತ್ತು.

"ನನ್ನನ್ನ ಬಿಡಿ, ಅಮ್ಮನ್ನ ಕರ್ಕೊಂಡ್ಹೋಗಿ. ಕಣ್ಣಾರೆ ನೋಡ್ಲಿ" ಎಂದಳು ಹೆಂಡತಿ.

ಅವನಿಗೆ ಖುಷಿಯೂ ಆಯಿತು, ಎದೆಯೂ ಡವಡವ ಅಂದಿತು. ಡವಡವಕ್ಕೆ ಕಾರಣ ಒಂದು ಜೊತೆ ಹಳೆಯ ಚಪ್ಪಲಿ. ಆ ಚಿತ್ರದ ನಾಯಕಿ ಆಸ್ಪತ್ರೆಯ ಕಾರಿಡಾರಿನಲ್ಲಿ ಒಬ್ಬಳೇ ನಡೆದು ಬರುವ ದೃಶ್ಯವೊಂದಿತ್ತು. ಸ್ಟುಡಿಯೋದ ಕಪಾಟಿನಲ್ಲಿದ್ದ ಯಾವ ಚಪ್ಪಲಿಯೂ ಅದಕ್ಕೆ ಒಗ್ಗಲಿಲ್ಲ. ಮರುದಿನ ಮನೆಯ ಬಾಗಿಲಲ್ಲಿ ಅತ್ತೆಯ ಸವೆದ ಚಪ್ಪಲಿ ಕಂಡಿತು. ಸಂಜೆಗೆ ತಂದಿಟ್ಟರಾಯಿತೆಂದು ಚೀಲಕ್ಕೆ ಹಾಕಿಕೊಂಡ. ಕೆಲಸವೇನೋ ಸೊಗಸಾಗಿ ಆಯಿತು, ಆದರೆ ಎಡಗಾಲಿನ ಪಟ್ಟಿ ಕಿತ್ತುಬಂತು. ಹೇಳಲು ಧೈರ್ಯ ಸಾಲದೆ ಅಲ್ಲೇ ಕಪಾಟಿನಲ್ಲಿ ಬಚ್ಚಿಟ್ಟ. ಇತ್ತ ಅತ್ತೆ, ಪಕ್ಕದ ಮನೆಯ ನಾಯಿಯೇ ಕಳ್ಳ ಎಂದು ತೀರ್ಮಾನಿಸಿ ಅದನ್ನು ಕಂಡಾಗಲೆಲ್ಲ ಸಹಸ್ರನಾಮ ಶುರುಮಾಡಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಅಳಿಯ ಮಾತ್ರ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದ. ಪ್ರಶಸ್ತಿ ಬಂದರೆ ಆ ಸಡಗರದಲ್ಲೇ ತಪ್ಪೊಪ್ಪಿಕೊಂಡುಬಿಡೋಣ ಅಂದುಕೊಂಡಿದ್ದ.

ಬರಲಿಲ್ಲ. ಧ್ವನಿ, ಸಂಕಲನದಂಥ ಪ್ರಶಸ್ತಿಗಳನ್ನು ತಾರೆಯರು ಬರುವ ಮುಂಚೆಯೇ, ಅರ್ಧ ಖಾಲಿ ಸಭಾಂಗಣದಲ್ಲಿ, ಲಗುಬಗೆಯಿಂದ ಹಂಚಿ ಮುಗಿಸುವುದು ಅಲ್ಲಿಯ ಪದ್ಧತಿ. ಬೇರೆ ಯಾರದೋ ಹೆಸರು ಕೂಗಿದರು. ಅವನೂ ಚಪ್ಪಾಳೆ ತಟ್ಟಿದ. ಮನಸ್ಸಿಗೆ ಮಾತ್ರ ಪಿಚ್ಚೆನಿಸಿತು.

"ನಿಮ್ಮನ್ನ ಕರೆದ್ರಾ?" ಎಂದರು ಅತ್ತೆ. ಅವರಿಗೆ ಹಿಂದಿ ಒಂದಕ್ಷರ ಬಾರದು.

"ಇಲ್ಲ ಅತ್ತೆ, ಬೇರೆಯವರಿಗೆ ಬಂತು."

"ಹೋಗ್ಲಿ ಬಿಡಿ." ಅಷ್ಟು ಹೇಳಿ, ಹೊಸ ಚಪ್ಪಲಿ ಕಚ್ಚುತ್ತಿದ್ದ ಪಾದವನ್ನು ಹೊರಗೆಳೆದು ಉಜ್ಜಿಕೊಂಡರು.

ಆಮೇಲೆ ತಾರೆಯರು ಬಂದರು, ಕುಣಿದರು, ಅತ್ತರು, ದೇವರಿಂದ ಹಿಡಿದು ಡ್ರೈವರನವರೆಗೆ ಎಲ್ಲರಿಗೂ ಥ್ಯಾಂಕ್ಸ್ ಹೇಳಿದರು. ಅತ್ತೆ ತೂಕಡಿಸಿದರು. ಶ್ರೇಷ್ಠ ನಟಿಯ ಹೆಸರು ಹೇಳುವ ಮೊದಲು ದೊಡ್ಡ ಪರದೆಯ ಮೇಲೆ ಆ ಚಿತ್ರದ ತುಣುಕು ಮೂಡಿತು. ಕಾರಿಡಾರು, ಕೈಯಲ್ಲಿ ಊಟದ ಡಬ್ಬಿ ಹಿಡಿದ ನಾಯಕಿ. ಮಾತಿಲ್ಲ, ಸಂಗೀತವಿಲ್ಲ. ಚಟ್, ಸರ್ರ್. ಚಟ್, ಸರ್ರ್. ಬಲಗಾಲು ಊರಿ ಎಡಗಾಲು ಎಳೆಯುವ ಹೆಜ್ಜೆ.

ಅತ್ತೆಯ ನಿದ್ದೆ ಹಾರಿತು. ಪರದೆಯನ್ನು ನೋಡದೆ ತಲೆ ವಾಲಿಸಿ ಆಲಿಸಿದರು.

"ಅಳಿಯಂದ್ರೇ, ಅದು ನನ್ನ ಚಪ್ಪಲಿ ಅಲ್ವಾ?"

"ಹೌದು ಅತ್ತೆ."

"ನಡಿಗೆ?"

"ಅದೂ ನಿಮ್ದೇ. ಮಾವ ಆಸ್ಪತ್ರೇಲಿದ್ದಾಗ ದಿನಾ ಊಟ ತರ್ತಿದ್ರಲ್ಲ, ನಾನು ಬೆಂಚಿನ ಮೇಲೆ ಕೂತು ಕೇಳ್ತಿದ್ದೆ. ಬಾಗಿಲ ಹತ್ರ ಬಂದಾಗ ಒಂದ್ಗಳಿಗೆ ನಿಂತುಬಿಡ್ತಿದ್ರಿ."

ಪರದೆಯಲ್ಲಿ ನಾಯಕಿಯೂ ಬಾಗಿಲ ಹತ್ತಿರ ನಿಂತಳು. ಸದ್ದು ನಿಂತಿತು. ಮಾವ ಗುಣವಾಗಿ ಬಂದು, ಈಗ ಮನೆಯಲ್ಲಿ ಟಿವಿ ಮುಂದೆ ಗಟ್ಟಿಮುಟ್ಟಾಗಿ ಕೂತಿದ್ದಾರೆ. ಆದರೆ ಒಳಗೆ ಏನು ಕಾಣಬೇಕೋ ಎಂದು ಆ ಬಾಗಿಲಲ್ಲಿ ತಾನು ನಡುಗಿದ್ದನ್ನು ಅತ್ತೆ ಮಗಳಿಗೂ ಹೇಳಿರಲಿಲ್ಲ. ಅವರ ಕಣ್ಣು ತುಂಬಿತು.

ನಾಯಕಿಗೇ ಪ್ರಶಸ್ತಿ ಬಂತು. ಸಭೆಯೆಲ್ಲ ಎದ್ದು ನಿಂತಿತು. ಅತ್ತೆಯೂ ಎದ್ದು, ಪಕ್ಕದಲ್ಲಿದ್ದ ಅಪರಿಚಿತ ಹೆಂಗಸಿನ ಮೊಣಕೈ ಎಳೆದರು.

"ನೋಡಮ್ಮ, ಇವ್ರು ನಮ್ಮಳಿಯ. ಸಿನಿಮಾದೋರಿಗೆಲ್ಲ ಹೆಜ್ಜೆ ಹಾಕಿಕೊಡೋದೇ ಇವ್ರ ಕೆಲ್ಸ. ಈಗ ಕೇಳಿದ್ಯಲ್ಲ, ಅದು ಇವ್ರು ನಡೆದಿದ್ದು."

ಆ ಹೆಂಗಸಿಗೆ ಕನ್ನಡ ಬಾರದು. ಪಾಪ, ನಕ್ಕು ತಲೆಯಾಡಿಸಿದಳು. ಅತ್ತೆ ಅಷ್ಟಕ್ಕೆ ಬಿಡದೆ ಆ ಕಡೆಯ ಸೀಟಿನವರಿಗೂ ಬಗ್ಗಿ ಹೇಳಿದರು. ಅಳಿಯ ಮುಖ ಬೇರೆ ಕಡೆ ತಿರುಗಿಸಿ ಕಣ್ಣೊರೆಸಿಕೊಂಡ. ಬರದೆ ಹೋದ ಪ್ರಶಸ್ತಿಯ ನೆನಪೇ ಅವನಿಗೆ ಉಳಿದಿರಲಿಲ್ಲ.

ಹೊರಗೆ ಬಂದ ಮೇಲೆ ಪಟ್ಟಿ ಕಿತ್ತದ್ದು, ಸ್ಟುಡಿಯೋದ ಕಪಾಟಿನಲ್ಲಿ ಬಚ್ಚಿಟ್ಟದ್ದು ಎಲ್ಲವನ್ನೂ ಅವನು ಒಪ್ಪಿಕೊಂಡ. ಅತ್ತೆ ಹೊಸ ಚಪ್ಪಲಿ ಬಿಚ್ಚಿ ಅವನ ಕೈಗಿತ್ತರು.

"ಇದನ್ನ ನಿಮ್ಮ ಕಪಾಟಲ್ಲಿಟ್ಕೊಳ್ಳಿ, ನನ್ನ ಹಳೇದನ್ನ ಹೊಲಿಸಿ ತಂದ್ಕೊಡಿ. ಮತ್ತೆ ನಾಳೆ ಆ ನಾಯಿಗೆ ಬಿಸ್ಕತ್ತು ಹಾಕ್ಬೇಕು, ನೀವೂ ಬನ್ನಿ. ಬೈದಿದ್ದು ನಾನಾದ್ರೂ, ಬೈಸಿದ್ದು ನೀವು."