ಬೋಟಿನ ಪ್ರೈಮರ್ ಗೋಡೆಗಲ್ಲ

ಕಡಲಬದಿಯ ಊರುಗಳಲ್ಲಿ ಗೋಡೆಗೆ ಬಣ್ಣ ನಿಲ್ಲುವುದಿಲ್ಲ ಎಂದು ಗೊಣಗದ ಮನೆಯಿಲ್ಲ. ಹಳದೀಪುರದ ಮಾಬ್ಲನ ಮನೆಯದೂ ಅದೇ ಗೋಳು. ಮಾಬ್ಲ ಭಟ್ಕಳ ಬಂದರಿನ ಬೋಟಿನಲ್ಲಿ ಇಪ್ಪತ್ತು ವರ್ಷ ದುಡಿದವನು. ಮೀನುಗಾರಿಕೆ ಬಂದ್ ಆಗುವ ಮಳೆಗಾಲದ ಎರಡು ತಿಂಗಳು ಬೋಟಿನ ಕಬ್ಬಿಣಕ್ಕೆಲ್ಲ ಬಣ್ಣಕ್ಕೆ ಮೊದಲಿನ ಲೇಪ, ಅಂದರೆ ಪ್ರೈಮರ್, ಬಳಿಯುವವನೂ ಅವನೇ. ಬಣ್ಣದ ವಿಷಯದಲ್ಲಿ ತನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂಬುದು ಅವನ ನಂಬಿಕೆ. ಹೋದ ವರ್ಷ ಬೇಸಿಗೆಯಲ್ಲಿ, ಬೋಟಿಗೆ ಬಳಿದು ಉಳಿದಿದ್ದ ಕೆಂಪು ಪ್ರೈಮರನ್ನೇ ತಂದು ಪಡುವಣ ದಿಕ್ಕಿನ ಕೋಣೆಯ ಗೋಡೆಗೆ ಬಳಿದ, ಮೇಲೆ ನೀಲಿ ಬಣ್ಣ ಹೊಡೆದ. ಮಳೆಗಾಲ ಮುಗಿಯುವಷ್ಟರಲ್ಲಿ ಬಣ್ಣ ಹಪ್ಪಳದಂತೆ ಉಬ್ಬಿ ಉದುರಿತು, ಗೋಡೆಗೆ ಬೂಷ್ಟು ಹಿಡಿಯಿತು.

ಈಗ ಮಗಳು ಚಂದನಾ ಬಸುರಿ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು, ಬಾಣಂತಿಗೆ ಕೊಡಲು ಇರುವುದು ಅದೊಂದೇ ಕೋಣೆ. ಹೆಂಡತಿ ಬಂಗಾರಿ ಖಡಾಖಂಡಿತ ಹೇಳಿಬಿಟ್ಟಳು.

"ಈ ಬೂಷ್ಟಿನ ಹತ್ರ ಕೂಸು ಮಲಗಿಸೂದಿಲ್ಲ. ಕುಮಟೆಯ ಬೀಗರಿಗೇ ಬಾಣಂತನ ಮಾಡಿ ಅಂತ ಹೇಳ್ತೆ."

ಮಾಬ್ಲನಿಗೆ ನಾಚಿಕೆಯೂ ಆಯಿತು, ಸಂಕಟವೂ ಆಯಿತು. ಒಂದೇ ಕೋಟು ಹೊಡೆದದ್ದೇ ತಪ್ಪಾಯಿತು, ಈ ಸಲ ಎರಡು ಹೊಡೆದರಾಯಿತು ಎಂದುಕೊಂಡು ಅದೇ ಕೆಂಪು ಪ್ರೈಮರಿನ ಇನ್ನೊಂದು ಡಬ್ಬಿ ತಂದ.

ನೆರೆಮನೆಯ ಗಂಗಿ ಹತ್ತು ವರ್ಷದಿಂದ ಮನೆಗಳಿಗೆ ಬಣ್ಣ ಹೊಡೆಯುವ ಕೆಲಸಕ್ಕೆ ಹೋಗುವವಳು. ಡಬ್ಬಿ ನೋಡಿ ಅವಳಿಗೆ ನಗು ತಡೆಯಲಿಲ್ಲ. ಮಾಬ್ಲ ಸಿಡುಕಿದ.

"ಉಪ್ಪುನೀರಲ್ಲೇ ಇರೂ ಬೋಟಿಗೇ ಎಂತ ಆಗೂದಿಲ್ಲ. ಗೋಡೆ ಎಂತ, ಬೋಟಿಗಿಂತ ದೊಡ್ಡದಾ?"

"ಅದು ಕಬ್ಬಿಣದ ಪ್ರೈಮರ್, ಮಾಬ್ಲಣ್ಣ. ಕಬ್ಬಿಣ ನೀರು ಕುಡಿಯೂದಿಲ್ಲ, ಗೋಡೆ ಕುಡೀತದೆ. ಎಣ್ಣೆ ಪ್ರೈಮರ್ ಬಳಿದು ಅದರ ಬಾಯಿ ಮುಚ್ಚಿದ್ರೆ ಕುಡಿದ ನೀರು ಹೊರಗೆ ಹೋಗೂದು ಹೆಂಗೆ? ಬಣ್ಣನೇ ದೂಡಿಕೊಂಡು ಬರ್ತದೆ."

ಸಿಮೆಂಟಿನೊಳಗಿನ ಸುಣ್ಣದ ಖಾರವೂ ಆ ಪ್ರೈಮರನ್ನು ತಿಂದುಹಾಕುತ್ತದೆ, ಎಷ್ಟು ಕೋಟು ಹೊಡೆದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಎಂದಳು. ಮಾಬ್ಲ ನಂಬಲಿಲ್ಲ. ಗಂಗಿ ವಾದಕ್ಕೆ ನಿಲ್ಲದೆ, ಗೋಡೆಗೆ ಒಂದು ತುಂಡು ಪ್ಲಾಸ್ಟಿಕ್ ಇಟ್ಟು ನಾಲ್ಕೂ ಕಡೆ ಟೇಪು ಅಂಟಿಸಿ ಹೋದಳು. ಮರುದಿನ ಮಾಬ್ಲನೇ ಬಿಚ್ಚಿ ನೋಡಿದ. ಪ್ಲಾಸ್ಟಿಕ್ಕಿನ ಒಳಮೈಯಲ್ಲಿ ಗೋಡೆ ಕುಡಿದ ನೀರು ಹನಿಯಾಗಿ ಕೂತಿತ್ತು.

"ಆತು. ನೀ ಹೇಳ್ದಂಗೇ ಮಾಡ್ವ," ಎಂದ. ಅವನ ಬಾಯಲ್ಲಿ ಆ ಮಾತು ಬಂದದ್ದು ಕೇಳಿ ಬಂಗಾರಿಗೇ ಆಶ್ಚರ್ಯ.

ಹಳೆಯ ಬಣ್ಣ, ಪ್ರೈಮರ್, ಬೂಷ್ಟು ಪೂರ್ತಿ ಕೆರೆದರು, ಹೊರಗಿನ ಬಿರುಕು ಮುಚ್ಚಿದರು, ಗೋಡೆಯ ಮೇಲೆ ಎದ್ದ ಬಿಳಿ ಉಪ್ಪನ್ನು ಒಣ ಬ್ರಶ್ಶಿನಿಂದ ಉಜ್ಜಿ ತೆಗೆದರು. ಪ್ಲಾಸ್ಟಿಕ್ಕಿನಲ್ಲಿ ಒಂದು ಹನಿಯೂ ಕಾಣದ ತನಕ ಕಾದರು. ಆಮೇಲೆ ಗೋಡೆಗೆ ಸಿಮೆಂಟ್ ಪ್ರೈಮರ್, ಬಾಗಿಲಿಗೆ ಮರದ ಪ್ರೈಮರ್ ಬಿತ್ತು. ಕೆಂಪು ಡಬ್ಬಿ ಕಿಟಕಿಯ ಸರಳುಗಳಿಗಾಯಿತು. ಅದೆಲ್ಲ ಒಣಗಿದ ಮೇಲೇ ಬಣ್ಣ.

ಮೇ ತಿಂಗಳಲ್ಲಿ ಚಂದನಾ ಹೆಣ್ಣು ಹೆತ್ತಳು. ಆಷಾಢದ ಮಳೆ ಗೋಡೆಗೆ ಬಡಿಯುವಾಗ ಕೂಸು ಅದೇ ಕೋಣೆಯಲ್ಲಿ ಬೆಚ್ಚಗೆ ಮಲಗಿತ್ತು. ಮಾಬ್ಲ ದಿನಕ್ಕೆರಡು ಸಲ ಗೋಡೆ ಮುಟ್ಟಿ ನೋಡುತ್ತಿದ್ದ. ಒಣಗೇ ಇತ್ತು.

ಅಕ್ಕಂದಿರೇ, ಅಣ್ಣಂದಿರೇ, ಅಂಗಡಿಯಲ್ಲಿ ಬರೀ ಪ್ರೈಮರ್ ಕೊಡಿ ಎನ್ನಬೇಡಿ. ಗೋಡೆಗೋ, ಮರಕ್ಕೋ, ಕಬ್ಬಿಣಕ್ಕೋ ಮೊದಲು ಹೇಳಿ. ಗೋಡೆಯಾದರೆ ಒಳಮೈಗೋ ಹೊರಮೈಗೋ ಅದನ್ನೂ ಹೇಳಿ. ಹೊಸ ಗಾರೆಯನ್ನು ಒಂದು ತಿಂಗಳಾದರೂ ಒಣಗಲು ಬಿಡಿ. ಆ ಗೋಡೆಯ ಪಕ್ಕ ಮಲಗುವುದು ನಿಮ್ಮ ಮನೆಯ ಕೂಸೇ.