ಮಗ್ಗದ ಕೋಣೆಗೊಂದು ಕಿಟಕಿ

ನೇಯುವವನಿಗೆ ಕಿಟಕಿ ಯಾಕೆ ಎಂದು ಯಲಹಂಕದ ಮಗ್ಗದ ಬೀದಿಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಕಿಟಕಿ ಇದ್ದರಲ್ಲವೇ ಕೇಳುವುದು! ಒಣಗಾಳಿ ತಾಗಿದರೆ ರೇಷ್ಮೆ ಎಳೆ ಹರಿಯುತ್ತದೆ. ಅದಕ್ಕೇ ಮಗ್ಗದ ಕೋಣೆಗೆ ಗಾಳಿ ಬಿಡದೆ, ನೆಲಕ್ಕೆ ನೀರು ಚಿಮುಕಿಸಿ ತೇವ ಇಡುತ್ತಿದ್ದರು. ನೂಲಿಗೆ ಅಷ್ಟು ಉಪಚಾರ. ಆ ತೇವದಲ್ಲಿ, ಮಗ್ಗದ ಕೆಳಗೆ ತೋಡಿದ ಗುಣಿಯೊಳಗೆ ಕಾಲು ಇಳಿಬಿಟ್ಟು ಕೂತವನ ಎದೆಯ ಗತಿ ಏನೆಂದು ಕೇಳುವವರಿರಲಿಲ್ಲ.

ಸುಬ್ಬಮ್ಮ ಕೇಳಿದಳು. ಗಂಡ ನರಸಿಂಹಯ್ಯನಿಗೆ ದೀಪಾವಳಿಗೆ ಶುರುವಾದ ಕೆಮ್ಮು ಸಂಕ್ರಾಂತಿ ಕಳೆದರೂ ನಿಂತಿರಲಿಲ್ಲ. "ಗಾಳಿ ಬೆಳಕು ಇಲ್ದಿದ್ರೆ ನನ್ ಔಷಧಿ ಏನ್ ಮಾಡುತ್ತಮ್ಮ?" ಎಂದು ಆಸ್ಪತ್ರೆಯ ಡಾಕ್ಟರು ಗದರಿದ್ದರು. ಗಂಡ ಸೀರೆ ಕೊಡಲು ಚಿಕ್ಕಪೇಟೆಗೆ ಹೋದ ದಿನ ಅವಳು ಗಾರೆಯವನನ್ನು ಕರೆಸಿ, ಕೆರೆಯ ಕಡೆಯ ಗೋಡೆ ಒಡೆಸಿ ಕಿಟಕಿ ಇಡಿಸಿದಳು. ಗುಣಿಯ ತಳಕ್ಕೆ ಹಲಗೆ ಹಾಕಿಸಿದಳು, ಕೂರುವಲ್ಲಿ ಹತ್ತಿಯ ದಿಂಬು ಇಟ್ಟಳು. ಗಂಡ ಬಂದು ಕೂಗಾಡಿ ಉಣ್ಣದೆ ಮಲಗಿದ.

ಬೆಳಿಗ್ಗೆ ಮಗ್ಗಕ್ಕೆ ಕೂತವನು ಲಾಳಿ ಹಿಡಿದುಕೊಂಡು ಕೆರೆಯನ್ನೇ ನೋಡುತ್ತಿದ್ದ. ಅಪ್ಪನ ಕಾಲದ ಮಾವಿನಕಾಯಿ, ರುದ್ರಾಕ್ಷಿಗಳನ್ನೇ ನೇಯ್ದುಕೊಂಡು ಬಂದ ಕೈ ಹೊಸ ಸೀರೆಯ ಸೆರಗಿನಲ್ಲಿ ಮೊದಲ ಸಲ ತನ್ನದೇ ಚಿತ್ತಾರ ತೆಗೆಯಿತು: ನೀರಿಗಿಳಿಯುವ ಕೊಕ್ಕರೆಗಳ ಸಾಲು. ಕೆಮ್ಮೂ ತಗ್ಗಿತು. ಸುಬ್ಬಮ್ಮನ ಹೊಟ್ಟೆ ತಣ್ಣಗಾಯಿತು.

ಶಿವರಾತ್ರಿ ಮುಗಿದದ್ದೇ ತಡ, ಒಣಗಾಳಿ ನುಗ್ಗಿತು. ಒಂದು ಎಳೆ ಹರಿಯಿತು. ಅದನ್ನು ಗಂಟು ಹಾಕಿದರೆ ಪಕ್ಕದ್ದು ಹರಿಯಿತು. ಗೋಣಿತಾಟು ನೆನೆಸಿ ಕಿಟಕಿಗೆ ಕಟ್ಟಿದರೆ ಗಳಿಗೆಯಲ್ಲಿ ಒಣಗಿತು. ಕೊಕ್ಕರೆಗಳ ಕತ್ತಿನಲ್ಲೆಲ್ಲ ಗಂಟು. ನರಸಿಂಹಯ್ಯ ಬೈಯಲಿಲ್ಲ, ಆ ಗಂಟುಗಳನ್ನು ಸವರುತ್ತಾ ಕೂತ. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು.

"ಈ ಸೆರಗೊಂದು ಮುಗೀಲಿ ಕಣೇ. ಅಲ್ಲೀಗಂಟ ಮುಚ್ಚಾನ. ಆಮೇಲೆ ತೆಗೆದ್ರಾಯ್ತು."

"ಈಗ ಇಂಗಂತೀರ, ಆಮೇಲೆ ಇನ್ನೊಂದು ಸೀರೆ ಅಂತೀರ," ಎಂದಳು. ಎಂದವಳೇ ಹಿತ್ತಲಿಗೆ ಹೋಗಿ ಮಣ್ಣು ಕಲಸಿದಳು. ಕಿಟಕಿಗೆ ಇಟ್ಟಿಗೆ ತುಂಬಿ ತಾನೇ ಮೆತ್ತಿದಳು, ಬೆಳಕು ಬರುತ್ತಿದ್ದ ಕೊನೆಯ ಸಂದನ್ನೂ ಹೆಬ್ಬೆರಳಿನಿಂದ ಒತ್ತಿ ಮುಚ್ಚಿದಳು. ಅಯ್ಯೋ, ಹುಚ್ಚು ಹೆಂಗಸೇ!

ಕೋಣೆ ಮತ್ತೆ ತೇವಗೊಂಡಿತು. ಎಳೆ ಹರಿಯುವುದು ನಿಂತು ಕೊಕ್ಕರೆಗಳು ಒಂದರ ಹಿಂದೊಂದು ಇಳಿದವು. ಕೆಮ್ಮೂ ಹಳೆಯ ನೆಂಟನ ಹಾಗೆ ಹೇಳದೆ ಕೇಳದೆ ಬಂತು. ಬಾಯಿಗೆ ಒತ್ತಿಕೊಂಡ ಬಟ್ಟೆಯನ್ನು ಅವನು ಹೆಂಡತಿಗೆ ತೋರಿಸುತ್ತಿರಲಿಲ್ಲ. ಅವನೊಬ್ಬನನ್ನೇ ಒಳಗೆ ಬಿಡಲು ಹೆದರಿ ಅವಳು ದಿನವಿಡೀ ಪಕ್ಕದಲ್ಲೇ ಕೂತು ನೂಲು ಸುತ್ತಿಕೊಡುತ್ತಿದ್ದಳು.

ಒಂದು ಮಧ್ಯಾಹ್ನ ಕೆಮ್ಮು ಕೇಳಿಸಿತು, ಲಾಳಿ ನಿಂತಿತು. ನರಸಿಂಹಯ್ಯ ತಿರುಗಿ ಹೆಂಡತಿಯನ್ನು ನೋಡಿದ. ಕೆಮ್ಮಿದ್ದು ಅವನಲ್ಲ.

"ಏನಿಲ್ಲ, ಧೂಳು," ಎಂದು ಅವಳು ಬಾಯಿ ಒರೆಸಿಕೊಂಡಳು. "ಇನ್ನೆಷ್ಟೈತೆ?"

"ಒಂದು ಗೇಣು," ಎಂದ ಅವನು. ಅವನ ಕಣ್ಣು ಇಟ್ಟಿಗೆ ತುಂಬಿದ ಕಿಟಕಿಯ ಕಡೆ ಹೋಯಿತು.

"ಅಂಗಾದ್ರೆ ಮುಗ್ಸಿ," ಎಂದು ಅವಳು ಸುತ್ತಿದ ನೂಲನ್ನು ಅವನ ಕೈಗಿಟ್ಟಳು.